ನಾಲ್ಕು ತಂತಿಯ ಲೆಕ್ಕ

ಊರಲ್ಲಿ ಆರ್ಕೆಸ್ಟ್ರಾ ಇದ್ದ ರಾತ್ರಿ ನೀವೆಲ್ಲ ಎಲ್ಲಿ ಕೂರುತ್ತೀರಿ ಅಂತ ನನಗೆ ಗೊತ್ತು. ದೊಡ್ಡವರು ಹಿಂದೆ ಚಾಪೆಯೋ ಕಂಬಳಿಯೋ ಹಾಸಿಕೊಂಡು ಕೂತರೆ, ನೀವು ವೇದಿಕೆಯ ಬುಡಕ್ಕೇ, ಆಳೆತ್ತರದ ಸ್ಪೀಕರ್ ಡಬ್ಬಗಳ ಪಕ್ಕಕ್ಕೇ ನುಗ್ಗುತ್ತೀರಿ. ಹಾಡು ಶುರುವಾದರೆ ಸಾಕು, ಕಿವಿಗಿಂತ ಮೊದಲು ಎದೆಗೆ ಏನೋ ತಾಗುತ್ತದೆ. ಪಕ್ಕೆಲುಬಿನ ಒಳಗೆ ಯಾರೋ ಮೆತ್ತಗೆ ಗುದ್ದಿದ ಹಾಗೆ. ಕೈಯಲ್ಲಿ ಹಿಡಿದ ಮಂಡಕ್ಕಿ ಪೊಟ್ಟಣವೂ ಜುಮ್ ಅನ್ನುತ್ತದೆ.

ನಮ್ಮ ಕಡೆಯವರಿಗೆ ಈ ಎದೆಗುದ್ದು ಹೊಸದಲ್ಲ. ದೇವರ ಮುಂದೆ ಉರುಮೆ ನುಡಿಸುವಾಗ ಕೋಲಿನಿಂದ ಚರ್ಮವನ್ನು ಉಜ್ಜುತ್ತಾರಲ್ಲ, ಆಗ ಬರುವ ಗುರುಗುಟ್ಟುವ ಸದ್ದೂ ಇದೇ ಜಾತಿಯದು. ಆರ್ಕೆಸ್ಟ್ರಾದಲ್ಲಿ ಆ ಕೆಲಸವನ್ನು ಡ್ರಮ್ಮಿನ ಜೊತೆ ಸೇರಿ ಮಾಡುವುದು ಉದ್ದ ಕತ್ತಿನ, ನಾಲ್ಕೇ ತಂತಿಯ ಒಂದು ವಾದ್ಯ. ಬೇಸ್ ಗಿಟಾರ್ ಅಂತ ಅದರ ಹೆಸರು. ಹಾಡುವವರ ಮೇಲೆ ಬೆಳಕು ಬೀಳುತ್ತದೆ, ಬೇಸ್ ನುಡಿಸುವವನು ಹಿಂದೆ ಕತ್ತಲಲ್ಲಿ ನಿಂತಿರುತ್ತಾನೆ. ಅವನು ಕೈಬಿಟ್ಟರೆ ಹಾಡಿನ ತಳವೇ ಕಳಚಿದ ಹಾಗಾಗುತ್ತದೆ.

ಒಂದು ಮಧ್ಯಾಹ್ನ ನನ್ನಿವಾಳದಲ್ಲಿ ಇಂಥದೇ ಕಾರ್ಯಕ್ರಮಕ್ಕೆ ಮೈಕು ಕಟ್ಟುತ್ತಿದ್ದರು. ಬೇಸ್ ನುಡಿಸುವ ಹುಡುಗ ತಂತಿ ಸರಿಮಾಡಿಕೊಳ್ಳುತ್ತಾ ಕೂತಿದ್ದ. ಸುತ್ತ ಐದಾರು ಮಕ್ಕಳು. ಆರನೇ ಕ್ಲಾಸಿನ ಒಬ್ಬ ಹುಡುಗಿ ಬಹಳ ಹೊತ್ತು ಅವನ ಎಡಗೈಯನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿಬಿಟ್ಟಳು: “ಅಣ್ಣಾ, ನಿಮ್ ಕೈ ಒಂದೇ ತರ ಐತೆ. ಅದನ್ನೇ ಆ ಕಡೆ ಈ ಕಡೆ ಜರುಗಿಸ್ತೀರಿ ಅಷ್ಟೇ. ಮತ್ತೆ ಹಾಡು ಹೆಂಗೆ ಬದಲಾಗ್ತೈತೆ?”

“ಆಕಾರ ಅದೇ ಪುಟ್ಟಿ, ಜಾಗ ಬೇರೆ” ಅಂದ ಅವನು. ಅವಳಿಗೆ ಆ ಉತ್ತರ ಸಾಲಲಿಲ್ಲ. ನನಗೂ ಸಾಲಲಿಲ್ಲ. ಆಕಾರ ಒಂದೇ ಇದ್ದರೆ ಸಾಕು ಅನ್ನುವುದು ಯಾಕೆ? ಅದನ್ನೇ ಇವತ್ತು ನಿಮ್ಮ ಜೊತೆ ಬಿಡಿಸಿ ನೋಡೋಣ ಅಂತ ಕೂತಿದ್ದೇನೆ.

ಮೊದಲು ನಾಲ್ಕು ತಂತಿ ಬಿಡಿ, ಒಂದೇ ತಂತಿ ಸಾಕು. ಭಜನೆ ಮನೆಯಲ್ಲಿ ಏಕತಾರಿ ನೋಡಿದ್ದೀರಿ. ಸೋರೆ ಬುರುಡೆ, ಒಂದು ಕೋಲು, ಒಂದು ಬಿರಡೆ, ಒಂದು ತಂತಿ. ತತ್ವಪದ ಹೇಳುವ ತಾತ ಅದನ್ನು ಮೀಟುತ್ತಾ ಹಾಡಿದರೆ ಉದ್ದಕ್ಕೂ ‘ಸ’ ಒಂದೇ ಕೇಳುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ತಾತನನ್ನು ಕೇಳಿ ಏಕತಾರಿ ಇಸಿದುಕೊಳ್ಳಿ. ತಂತಿಯ ನಟ್ಟನಡುವೆ ಬೆರಳನ್ನು ಒತ್ತಬೇಡಿ, ನೊಣ ಕೂತ ಹಾಗೆ ಸುಮ್ಮನೆ ತಾಗಿಸಿ. ಇನ್ನೊಂದು ಕೈಯಿಂದ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಅದೇ ‘ಸ’ ಕೇಳುತ್ತದೆ, ಆದರೆ ಒಂದು ಸ್ಥಾಯಿ ಮೇಲಿನದು. ಈಗ ತಂತಿಯನ್ನು ಮೂರು ಪಾಲು ಮಾಡಿ, ಮೂರರಲ್ಲೊಂದು ಪಾಲಿನ ಗುರುತಿನಲ್ಲಿ ಬೆರಳು ತಾಗಿಸಿ ಮೀಟಿ. ‘ಪ’ ಕೇಳುತ್ತದೆ. ಐದರಲ್ಲೊಂದು ಪಾಲಿನ ಗುರುತಿನಲ್ಲಿ ತಾಗಿಸಿದರೆ ‘ಗ’. ಇದು ಸ್ವಲ್ಪ ಹಠಮಾರಿ, ನಾಲ್ಕೈದು ಸಲ ಪ್ರಯತ್ನಿಸಬೇಕು. ಬಂದಾಗ ಮಾತ್ರ ಬೆಳ್ಳಿ ಗೆಜ್ಜೆಯಷ್ಟು ಸಣ್ಣಗೆ, ಸ್ಪಷ್ಟವಾಗಿ ಕೇಳುತ್ತದೆ.

ಈ ‘ಪ’, ‘ಗ’ ಎಲ್ಲಿಂದ ಬಂದವು? ನಿಮ್ಮ ಬೆರಳು ಅವನ್ನು ಹುಟ್ಟಿಸಲಿಲ್ಲ. ತಂತಿ ಯಾವಾಗಲೂ ಒಂದೇ ತೂಗಾಟ ತೂಗುವುದಿಲ್ಲ. ಇಡೀ ತಂತಿ ಒಂದು ಬಗೆಯಲ್ಲಿ ತೂಗುತ್ತಿರುವಾಗಲೇ ಎರಡು ಅರ್ಧಗಳು ಇನ್ನೊಂದು ಬಗೆಯಲ್ಲಿ, ಮೂರು ಪಾಲುಗಳು ಮತ್ತೊಂದು ಬಗೆಯಲ್ಲಿ, ನಾಲ್ಕು, ಐದು, ಆರು ಪಾಲುಗಳೂ ತಮ್ಮ ತಮ್ಮ ಬಗೆಯಲ್ಲಿ ತೂಗುತ್ತವೆ. ಎಲ್ಲವೂ ಒಟ್ಟಿಗೆ, ಅದೇ ತಂತಿಯ ಮೇಲೆ. ಬೆರಳು ತಾಗಿಸಿದಾಗ ಉಳಿದ ತೂಗಾಟಗಳು ಸತ್ತು ಒಂದು ಉಳಿಯಿತು, ಅಷ್ಟೇ. ಏಕತಾರಿಯ ಒಂದೇ ತಂತಿಯಲ್ಲಿ ಸ, ಗ, ಪ ಮೂರೂ ಮೊದಲಿನಿಂದ ಮನೆಮಾಡಿಕೊಂಡಿವೆ. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿದಾಗ ಯಾರೂ ಮೀಟದ ಗಾಂಧಾರ ಅದರೊಳಗಿಂದ ಎದ್ದು ಬರುತ್ತದೆ ಅಂತ ಸಂಗೀತಗಾರರು ಹೇಳುತ್ತಾರೆ. ಅದು ಈ ಐದನೇ ಪಾಲಿನ ತೂಗಾಟವೇ.

ಸರ್ ಸಿ.ವಿ. ರಾಮನ್ ಅವರಿಗೆ ಈ ವಿಷಯದ ಮೇಲೆ ಬಹಳ ಪ್ರೀತಿ. ಬೆಳಕಿನ ಚದುರುವಿಕೆಗೆ 1930ರಲ್ಲಿ ನೊಬೆಲ್ ಬಂತಲ್ಲ, ಅದಕ್ಕೂ ಒಂಬತ್ತು ವರ್ಷ ಮೊದಲು, 1921ರಲ್ಲಿ, ಅವರು ತಂಬೂರಿ ಮತ್ತು ವೀಣೆಯ ತಂತಿಗಳ ಬಗ್ಗೆ ಬರೆದಿದ್ದರು. ತಂಬೂರಿಯ ಕುದುರೆ, ಅಂದರೆ ತಂತಿ ಏರಿ ಕೂರುವ ಪಟ್ಟಿ, ಚೂಪಾಗಿರದೆ ಅಗಲವಾಗಿ, ಸ್ವಲ್ಪ ಬಾಗಿದಂತಿರುತ್ತದೆ. ತಂತಿಯ ಅಡಿಯಲ್ಲಿ ಒಂದು ನೂಲೆಳೆ ಸಿಕ್ಕಿಸುತ್ತಾರೆ. ಒಳಗಿನ ಸಣ್ಣ ತೂಗಾಟಗಳು ಅಷ್ಟು ಚೆನ್ನಾಗಿ ಕೇಳುವುದಕ್ಕೆ ಆ ಅಗಲ ಕುದುರೆಯೇ ಕಾರಣ ಅಂತ ಅವರು ತೋರಿಸಿದರು. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದೇ ಸಂಸ್ಥೆಯ ಎರಡನೇ ಆವರಣ ಈಗ ನಮ್ಮ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿದೆ. ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ತರಬೇತಿಗೆ ಅಲ್ಲಿಗೆ ಹೋಗಿ ಬಂದಿದ್ದರೂ ಇರಬಹುದು, ಕೇಳಿ ನೋಡಿ.

ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಅದಕ್ಕೆ ಗಿಟಾರಿನವರು ‘ಕಾರ್ಡ್’ ಅನ್ನುತ್ತಾರೆ. ಸ್ವರಗಳ ಗೊಂಚಲು ಅನ್ನೋಣ. ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ ಒಂದೊಂದೇ ಸ್ವರ ನಡೆಯುತ್ತದೆ, ಗೊಂಚಲು ಕಟ್ಟುವ ಪದ್ಧತಿ ಇಲ್ಲ. ಸಿನಿಮಾ ಹಾಡುಗಳಿಗೆ ಮಾತ್ರ ಗೊಂಚಲು ಬೇಕೇ ಬೇಕು.

ಈಗ ಒಂದು ಹಲಗೆ ಹುಡುಕಿ. ಒಂದು ಮೀಟರಿಗಿಂತ ತುಸು ಉದ್ದ ಇರಲಿ. ಎರಡೂ ತುದಿಗೆ ಗಟ್ಟಿ ಮೊಳೆ ಹೊಡೆದು ಏಕತಾರಿಗೆ ಹಾಕುವ ಉಕ್ಕಿನ ತಂತಿಯನ್ನು ಬಿಗಿಯಾಗಿ ಕಟ್ಟಿ. (ತಂತಿ ಬಿಗಿಯುವಾಗ ಮುಖ ಹತ್ತಿರ ತರಬೇಡಿ. ಹರಿದರೆ ಕಣ್ಣಿಗೆ ಬಡಿಯುತ್ತದೆ. ಅಪ್ಪನೋ ಅಣ್ಣನೋ ಜೊತೆಯಲ್ಲಿ ಇರಲಿ.) ಎರಡು ಪೆನ್ಸಿಲ್ ತುಂಡುಗಳನ್ನು ತಂತಿಯ ಅಡಿಗೆ ತೂರಿಸಿ, ಅವುಗಳ ನಡುವೆ ಸರಿಯಾಗಿ 90 ಸೆಂಟಿಮೀಟರ್ ಇರುವಂತೆ ಇಡಿ. ಮೀಟಿ. ಇದು ನಿಮ್ಮ ‘ಸ’. ಸದ್ದು ಸಾಲದಿದ್ದರೆ ಹಲಗೆಯನ್ನು ಖಾಲಿ ಎಣ್ಣೆ ಡಬ್ಬದ ಮೇಲೆ ಇಡಿ. ಎಣ್ಣೆ ಗಾಣಗಳಿಗೆ ಹೆಸರಾದ ಚಳ್ಳಕೆರೆ ಸೀಮೆಯಲ್ಲಿ ಡಬ್ಬಕ್ಕೇನು ಬರ!

ಇನ್ನೊಂದು ಪೆನ್ಸಿಲ್ ತುಂಡನ್ನು ತಂತಿಯ ಕೆಳಗೆ ಸರಿಸಿ, ಮೀಟುವ ಭಾಗ 72 ಸೆಂಟಿಮೀಟರ್ ಉಳಿಯುವಂತೆ ಮಾಡಿ. ‘ಗ’ ಬಂತು. 60 ಉಳಿಸಿದರೆ ‘ಪ’. 45 ಉಳಿಸಿದರೆ ಮೇಲಿನ ‘ಸ’. ತೊಂಬತ್ತನ್ನು ನಾನು ಸುಮ್ಮನೆ ಆರಿಸಲಿಲ್ಲ. ಅದನ್ನು ಐದು ಪಾಲು ಮಾಡಿ ನಾಲ್ಕು ಇಟ್ಟುಕೊಂಡರೆ 72, ಮೂರು ಪಾಲು ಮಾಡಿ ಎರಡು ಇಟ್ಟುಕೊಂಡರೆ 60, ಎರಡು ಪಾಲಲ್ಲಿ ಒಂದು 45. ಎಲ್ಲೂ ದಶಮಾಂಶ ಬರುವುದಿಲ್ಲ. ಮನಸ್ಸಿನಲ್ಲೇ ಲೆಕ್ಕ ಮಾಡಬಹುದು. ಇನ್ನೊಂದು ಕೆಲಸ ಮಾಡಿ: 72ರ ಬದಲು 75 ಇಡಿ. ಮೂರೇ ಮೂರು ಸೆಂಟಿಮೀಟರ್. ‘ಗ’ ಸ್ವಲ್ಪ ಇಳಿಯಿತು. ಈಗ ಸ, ಗ, ಪ ಒಂದಾದ ಮೇಲೊಂದು ಮೀಟಿದರೆ ಇಡೀ ಬಣ್ಣವೇ ಬೇರೆ. ಮೊದಲನೆಯದನ್ನು ಗಿಟಾರಿನವರು ಮೇಜರ್ ಅನ್ನುತ್ತಾರೆ, ಎರಡನೆಯದನ್ನು ಮೈನರ್. ನಮ್ಮ ಸಂಗೀತದ ಮೇಷ್ಟ್ರ ಭಾಷೆಯಲ್ಲಿ ಮೊದಲನೆಯದು ಅಂತರ ಗಾಂಧಾರ, ಶಂಕರಾಭರಣದಲ್ಲಿ ಬರುವುದು. ಎರಡನೆಯದು ಸಾಧಾರಣ ಗಾಂಧಾರ, ಖರಹರಪ್ರಿಯದಲ್ಲಿ ಬರುವುದು. ಮೇಜರ್ ಅಂದರೆ ಸಂತೋಷ, ಮೈನರ್ ಅಂದರೆ ದುಃಖ ಅಂತ ಕೆಲವರು ಕಲಿಸುತ್ತಾರೆ. ಅದನ್ನು ಅಷ್ಟು ಗಟ್ಟಿಯಾಗಿ ನಂಬಬೇಡಿ. ಖರಹರಪ್ರಿಯ ಕೇಳಿ ಯಾರೂ ಅಳುತ್ತಾ ಕೂರುವುದಿಲ್ಲ. ಕಿವಿಗೆ ಏನು ರೂಢಿಯಾಗಿದೆಯೋ ಅದೂ ಇದರಲ್ಲಿ ಸೇರಿದೆ.

ಏಕತಾರಿ, ಹಲಗೆ ಎರಡೂ ಆಯಿತು. ಈಗ ಬೇಸ್ ಗಿಟಾರಿನ ಕತ್ತನ್ನು ಹತ್ತಿರದಿಂದ ನೋಡೋಣ. ಕತ್ತಿನ ಮೇಲೆ ಅಡ್ಡಡ್ಡ ಲೋಹದ ಸಣ್ಣ ಪಟ್ಟಿಗಳಿವೆ. ಫ್ರೆಟ್ ಅನ್ನುತ್ತಾರೆ. ವೀಣೆಯವರು ಮೆಟ್ಟಿಲು ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಪಟ್ಟಿಯ ಹಿಂದೆ ಬೆರಳೊತ್ತಿದರೆ ತಂತಿ ಆ ಪಟ್ಟಿಗೆ ಕೂತು ಅಲ್ಲಿಂದಾಚೆಗಿನದು ಮಾತ್ರ ನುಡಿಯುತ್ತದೆ. ನಿಮ್ಮ ಹಲಗೆಯ ಮೇಲೆ ಪೆನ್ಸಿಲ್ ಸರಿಸಿದ ಕೆಲಸವೇ ಇದು. ಮೆಟ್ಟಿಲುಗಳ ನಡುವಿನ ಅಂತರ ಗಮನಿಸಿ. ತಲೆಯ ಕಡೆ ಅಗಲ, ಹೊಟ್ಟೆಯ ಕಡೆ ಬರುಬರುತ್ತಾ ಕಿರಿದು. ಯಾಕೆ ಒಂದೇ ಸಮ ಇಟ್ಟಿಲ್ಲ?

ಇದಕ್ಕೆ ಶೇಂಗಾ ರಾಶಿಯ ಲೆಕ್ಕ ಸರಿಹೋಗುತ್ತದೆ. ಕಣದಲ್ಲಿ ಒಂದು ರಾಶಿ ಇದೆ. ಮೊದಲ ದಿನ ಅದನ್ನು 18 ಪಾಲು ಮಾಡಿ ಒಂದು ಪಾಲು ಕೊಟ್ಟಿರಿ. ಎರಡನೇ ದಿನ ಉಳಿದ ರಾಶಿಯನ್ನು ಮತ್ತೆ 18 ಪಾಲು ಮಾಡಿ ಒಂದು ಕೊಟ್ಟಿರಿ. ದಿನದಿನಕ್ಕೆ ರಾಶಿ ಕರಗುವುದರಿಂದ ಕೊಡುವ ಪಾಲೂ ಚಿಕ್ಕದಾಗುತ್ತಾ ಹೋಗುತ್ತದೆ. ಆದರೆ ‘ಉಳಿದುದರಲ್ಲಿ ಹದಿನೆಂಟರಲ್ಲೊಂದು’ ಅನ್ನುವ ಮಾತು ತಪ್ಪಿಲ್ಲ. ಮೆಟ್ಟಿಲುಗಳೂ ಹಾಗೇ. ಒಂದೊಂದು ಮೆಟ್ಟಿಲೂ ಉಳಿದ ತಂತಿಯಿಂದ ಒಂದೇ ಪ್ರಮಾಣದ ತುಂಡನ್ನು ಕಡಿಯುತ್ತದೆ. ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ತಂತಿ ಅರ್ಧವಾಗಿರುತ್ತದೆ, ಅಂದರೆ ಮೇಲಿನ ‘ಸ’.

ಈ 18ರ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವರು ವಿನ್ಸೆನ್ಜೊ ಗೆಲಿಲಿ, ಇಟಲಿಯವರು, 1581ರಲ್ಲಿ. ಲೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದರು. ತಂತಿಗೆ ತೂಕ ಕಟ್ಟಿ ಎಳೆದು ಪರೀಕ್ಷೆ ಮಾಡಿದವರು ಅವರು. ಸದ್ದು ಒಂದು ಸ್ಥಾಯಿ ಮೇಲೇರಬೇಕಾದರೆ ತೂಕ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು ಅಂತ ಕಂಡುಕೊಂಡರು. ಅವರ ಮಗನ ಹೆಸರು ನಿಮಗೆ ಗೊತ್ತು: ಗೆಲಿಲಿಯೊ. ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ನೋಡಿದವನು. ಪುಸ್ತಕದ ಮಾತನ್ನು ನಂಬುವ ಮೊದಲು ಕೈಯಾರೆ ಅಳೆದು ನೋಡುವ ಬುದ್ಧಿ ಅವರ ಮನೆಯಲ್ಲೇ, ತಂತಿಗಳ ನಡುವೆಯೇ ಇತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ನೀವೂ ಅಳೆದು ನೋಡಿ. ತೊಂಬತ್ತರಿಂದ ಶುರುಮಾಡಿ ಹನ್ನೆರಡು ಸಲ 18ರಲ್ಲೊಂದು ಪಾಲು ಕಳೆದರೆ 45 ಬರಬೇಕು. ಬರುವುದು 45.3. ಮೂರು ಮಿಲಿಮೀಟರ್ ತಪ್ಪು. ಅದಕ್ಕೇ ಇವತ್ತಿನವರು 18ರ ಬದಲು 17.817 ಇಟ್ಟುಕೊಂಡು ಮೆಟ್ಟಿಲು ಕೂರಿಸುತ್ತಾರೆ. ಆಗ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಕೂರುತ್ತದೆ.

ಏಳನೇ ಮೆಟ್ಟಿಲಿನಲ್ಲಿ ‘ಪ’. ಲೆಕ್ಕದಲ್ಲಿ ಉಳಿಯುವ ತಂತಿ 60.07 ಸೆಂಟಿಮೀಟರ್. ನಿಮ್ಮ ಹಲಗೆಯಲ್ಲಿ 60 ಇತ್ತಲ್ಲ, ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸ ಇಲ್ಲ. ನಾಲ್ಕನೇ ಮೆಟ್ಟಿಲಿನ ‘ಗ’ ಮಾತ್ರ ಅಷ್ಟು ವಿಧೇಯ ಅಲ್ಲ. 72 ಇರಬೇಕಾದ ಕಡೆ 71.4 ಬರುತ್ತದೆ. ಸುಮಾರು ಆರು ಮಿಲಿಮೀಟರ್ ಕಡಿಮೆ, ಆದ್ದರಿಂದ ಸ್ವರ ಕೂದಲೆಳೆಯಷ್ಟು ಏರು. ತಂಬೂರಿಯ ಗಾಂಧಾರ ಕೇಳಿ ಪಳಗಿದ ಕಿವಿಗೆ ಇದು ಗೊತ್ತಾಗುತ್ತದೆ. ಗಿಟಾರಿನವರು ತಿಳಿದೇ ಇದನ್ನು ಒಪ್ಪಿಕೊಂಡಿದ್ದಾರೆ. ಎಲ್ಲ ಮೆಟ್ಟಿಲೂ ಒಂದೇ ಪ್ರಮಾಣದಲ್ಲಿ ಇರಲಿ ಅಂತ ‘ಗ’ದ ಶುದ್ಧಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟು ಪಡೆದದ್ದೇನು ಅಂತ ಕೇಳಿದರೆ, ಆ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನೋಟ್‌ಬುಕ್ ತೆಗೆದು ನಾಲ್ಕು ಗೆರೆ ಉದ್ದುದ್ದ ಎಳೆಯಿರಿ. ಅವು ತಂತಿಗಳು. ದಪ್ಪದಿಂದ ತೆಳುವಿನವರೆಗೆ ಇ, ಎ, ಡಿ, ಜಿ ಅಂತ ಅವುಗಳ ಹೆಸರು. ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ತೂಗುತ್ತದೆ, ಅದರ ಪಕ್ಕದ್ದು 55, ಆಮೇಲೆ 73, ಕೊನೆಯದು 98. ಈಗ ಅಡ್ಡಗೆರೆ ಎಳೆದು ಮೆಟ್ಟಿಲು ಮಾಡಿ. ಬೇಸ್‌ನವರು ಶ್ರುತಿ ಮಾಡುವುದು ಹೀಗೆ: ದಪ್ಪ ತಂತಿಯ ಐದನೇ ಮೆಟ್ಟಿಲನ್ನು ಒತ್ತಿ ಮೀಟುತ್ತಾರೆ, ಪಕ್ಕದ ತಂತಿಯನ್ನು ಹಾಗೇ ಮೀಟುತ್ತಾರೆ, ಎರಡೂ ಒಂದೇ ಸದ್ದು ಕೊಡುವವರೆಗೆ ಬಿರಡೆ ತಿರುಗಿಸುತ್ತಾರೆ. ಎಲ್ಲ ತಂತಿಗೂ ಇದೇ ಕ್ರಮ. ಅಂದರೆ ಒಂದು ತಂತಿಯಿಂದ ಪಕ್ಕದ ತೆಳು ತಂತಿಗೆ ದಾಟಿದರೆ ಐದು ಮೆಟ್ಟಿಲು ಹತ್ತಿದ ಹಾಗೆ. ಇದೊಂದನ್ನು ಮರೆಯಬೇಡಿ.

‘ಗ’ ಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕು. ಅದೇ ತಂತಿಯಲ್ಲಿ ಅಷ್ಟು ದೂರ ಕೈ ಚಾಚುವ ಬದಲು ಪಕ್ಕದ ತಂತಿಗೆ ದಾಟಿ. ಐದಾಯಿತು, ಒಂದು ಹೆಚ್ಚಾಯಿತು. ಒಂದು ಹಿಂದೆ ಬನ್ನಿ. ‘ಪ’ಕ್ಕೆ ಏಳು: ಪಕ್ಕದ ತಂತಿಗೆ ದಾಟಿ ಐದು, ಇನ್ನೆರಡು ಮುಂದೆ. ಮೇಲಿನ ‘ಸ’ಕ್ಕೆ ಹನ್ನೆರಡು: ಎರಡು ತಂತಿ ದಾಟಿದರೆ ಹತ್ತು, ಎರಡು ಮುಂದೆ. ಈಗ ಎಡಗೈ ನೋಟ್‌ಬುಕ್ಕಿನ ಮೇಲೆ ಇಡಿ. ನಡುಬೆರಳು ‘ಸ’ದ ಮೇಲೆ. ಪಕ್ಕದ ಗೆರೆಯಲ್ಲಿ ಒಂದು ಮನೆ ಹಿಂದೆ ತೋರುಬೆರಳು, ಅದು ‘ಗ’. ಅದೇ ಗೆರೆಯಲ್ಲಿ ಕಿರುಬೆರಳು, ಅದು ‘ಪ’. ಕಿರುಬೆರಳನ್ನೇ ಮುಂದಿನ ಗೆರೆಗೆ ದಾಟಿಸಿದರೆ ಮೇಲಿನ ‘ಸ’. ನಾಲ್ಕು ಸ್ವರಕ್ಕೂ ಕೈ ಜಾಗ ಬಿಟ್ಟು ಕದಲಲಿಲ್ಲ. ಮೇಜರ್ ಕಾರ್ಡಿನ ಆಕಾರ ಇದು.

ಮೈನರ್‌ಗೆ ‘ಗ’ ಮೂರೇ ಮೆಟ್ಟಿಲು. ಆಗ ತೋರುಬೆರಳು ‘ಸ’ಕ್ಕೆ ಬರುತ್ತದೆ, ಅದೇ ತಂತಿಯಲ್ಲಿ ಮೂರು ಮನೆ ಮುಂದೆ ಕಿರುಬೆರಳು ‘ಗ’ ಒತ್ತುತ್ತದೆ, ಪಕ್ಕದ ತಂತಿಯ ‘ಪ’ ಉಂಗುರಬೆರಳಿಗೆ, ಅದರಾಚೆಯ ‘ಸ’ವೂ ಉಂಗುರಬೆರಳಿಗೇ. ಒಂದು ಸಲ ಕೈಗೆ ಹತ್ತಿದರೆ ಕಣ್ಣುಮುಚ್ಚಿ ಬರುತ್ತದೆ.

ಈ ಆಕಾರದಲ್ಲಿ ಎಲ್ಲೂ ಸ್ವರದ ಹೆಸರಿಲ್ಲ ನೋಡಿ. ಒಂದು ಹಿಂದೆ, ಎರಡು ಮುಂದೆ ಅನ್ನುವ ಎಣಿಕೆ ಮಾತ್ರ ಇದೆ. ಪ್ರತಿ ಮೆಟ್ಟಿಲೂ ಒಂದೇ ಪ್ರಮಾಣ, ಪ್ರತಿ ತಂತಿಯ ನಡುವೆಯೂ ಅದೇ ಐದು. ಹಾಗಾಗಿ ಕೈಯನ್ನು ಎಲ್ಲಿಗೆ ಒಯ್ದರೂ ಎಣಿಕೆ ಕೆಡುವುದಿಲ್ಲ. ಎ ತಂತಿಯ ಮೂರನೇ ಮೆಟ್ಟಿಲಲ್ಲಿ ನಡುಬೆರಳಿಟ್ಟರೆ ಸಿ ಮೇಜರ್, ಅದೇ ಕೈಯನ್ನು ಎಂಟಕ್ಕೆ ಜರುಗಿಸಿದರೆ ಎಫ್, ಹತ್ತಕ್ಕೆ ಜರುಗಿಸಿದರೆ ಜಿ. ಎಷ್ಟೋ ಹಾಡುಗಳು ಈ ಮೂರೇ ಕಾರ್ಡುಗಳ ಮೇಲೆ ಮುಗಿದುಹೋಗುತ್ತವೆ. ಆ ಹುಡುಗಿ ಕಂಡದ್ದು ಇದನ್ನೇ. ಅವಳ ಕಣ್ಣು ಸರಿಯಾಗಿಯೇ ನೋಡಿತ್ತು.

ಇದು ಬೇಸ್ ಗಿಟಾರಿನ ದೊಡ್ಡ ಸೌಕರ್ಯ. ಭಜನೆ ಮನೆಯ ಹಾರ್ಮೋನಿಯಂ ಮುಂದೆ ಕೂತು ಪರೀಕ್ಷಿಸಿ: ಕರಿ, ಬಿಳಿ ಎಲ್ಲ ಮನೆ ಸೇರಿಸಿ ‘ಸ’ದಿಂದ ನಾಲ್ಕು ಎಣಿಸಿ ‘ಗ’, ಏಳು ಎಣಿಸಿ ‘ಪ’ ಒತ್ತಿ. ಕಾರ್ಡ್ ಕೇಳುತ್ತದೆ. ಆದರೆ ‘ಸ’ವನ್ನು ಬೇರೆ ಮನೆಗೆ ಸರಿಸಿದರೆ ಎಲ್ಲೋ ಕರಿಮನೆ ಅಡ್ಡ ಬರುತ್ತದೆ, ಎಲ್ಲೋ ಬರುವುದಿಲ್ಲ, ಕೈಯ ಆಕಾರ ಬದಲಾಗುತ್ತದೆ. ಆರು ತಂತಿಯ ಮಾಮೂಲಿ ಗಿಟಾರಿನಲ್ಲೂ ಒಂದು ತೊಡಕಿದೆ. ಅಲ್ಲಿ ಒಂದು ಜೋಡಿ ತಂತಿಯ ನಡುವೆ ಮಾತ್ರ ಐದರ ಬದಲು ನಾಲ್ಕು ಮೆಟ್ಟಿಲಿನ ಅಂತರ, ಅದನ್ನು ದಾಟುವಾಗ ಆಕಾರ ಮುರಿಯುತ್ತದೆ. ಬೇಸ್‌ನಲ್ಲಿ ಆ ರಗಳೆ ಇಲ್ಲ. ಕಲಿಯುವ ಮಕ್ಕಳಿಗೆ ಇದಕ್ಕಿಂತ ಪ್ರಾಮಾಣಿಕ ವಾದ್ಯ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಗಾತ್ರದ ಮಾತು ಬೇರೆ. ಸಾಮಾನ್ಯ ಬೇಸ್‌ನಲ್ಲಿ ನುಡಿಯುವ ತಂತಿಯ ಉದ್ದ 34 ಇಂಚು, ಸುಮಾರು 86 ಸೆಂಟಿಮೀಟರ್. ಒಂದನೇ ಮೆಟ್ಟಿಲಿಂದ ನಾಲ್ಕನೆಯದಕ್ಕೆ 13 ಸೆಂಟಿಮೀಟರ್ ದೂರ, ನಿಮ್ಮ ಬೆರಳಿಗೆ ಎಟುಕುವುದು ಕಷ್ಟ. ಏಳರಿಂದ ಹತ್ತಕ್ಕೆ 9 ಸೆಂಟಿಮೀಟರ್ ಮಾತ್ರ. ಚಿಕ್ಕ ರೊಟ್ಟಿಯೂ ದುಂಡು, ದೊಡ್ಡ ರೊಟ್ಟಿಯೂ ದುಂಡು ಅಲ್ಲವೇ? ಹಾಗೆ. ಕಲಿಯುವ ಅವಕಾಶ ಸಿಕ್ಕರೆ ನಡುಗತ್ತಿನಿಂದ ಶುರುಮಾಡಿ, ಬೆರಳು ಬೆಳೆದ ಹಾಗೆ ತಲೆಯ ಕಡೆ ಹೋಗಿ. ಬೆರಳನ್ನು ಲೋಹದ ಪಟ್ಟಿಗೆ ತಾಗಿಕೊಂಡಂತೆ, ಅದರ ಬೆನ್ನ ಹಿಂದೆಯೇ ಒತ್ತಿ. ದೂರ ಒತ್ತಿದರೆ ಹೆಚ್ಚು ಬಲ ಬೇಕು, ತಂತಿ ಪಟ್ಟಿಗೆ ಸರಿಯಾಗಿ ಕೂರದೆ ಜಿರ್ರ್ ಅನ್ನುತ್ತದೆ.

ತಂತಿ ಅಷ್ಟು ದಪ್ಪ ಯಾಕೆ ಅಂತ ಇನ್ನೊಬ್ಬ ಹುಡುಗ ಕೇಳಿದ್ದ. ಸದ್ದು ತಗ್ಗಿಸಲು ತಂತಿಯನ್ನು ಉದ್ದ ಮಾಡಬಹುದು, ಸಡಿಲ ಮಾಡಬಹುದು, ಭಾರ ಮಾಡಬಹುದು. ಮಾಮೂಲಿ ಗಿಟಾರಿಗಿಂತ ಒಂದು ಸ್ಥಾಯಿ ತಗ್ಗಬೇಕು. ಉದ್ದದಿಂದಲೇ ಸಾಧಿಸಹೊರಟರೆ ತಂತಿ 51 ಇಂಚು ಆಗಬೇಕು, ಯಾರ ಕೈಗೂ ಎಟುಕುವುದಿಲ್ಲ. ಸಡಿಲ ಬಿಟ್ಟರೆ ಒಣಹಾಕಿದ ಬಟ್ಟೆಯ ಹಗ್ಗದಂತೆ ಜೋಲುತ್ತದೆ. ಉಳಿದದ್ದು ಭಾರ. ಉಕ್ಕಿನ ಎಳೆಯ ಸುತ್ತ ಇನ್ನೊಂದು ಲೋಹದ ಎಳೆಯನ್ನು ಬಾರುಕೋಲಿಗೆ ಹುರಿ ಸುತ್ತಿದ ಹಾಗೆ ಒತ್ತಾಗಿ ಸುತ್ತುತ್ತಾರೆ. ಒಂದೇ ದಪ್ಪ ಸರಳು ಹಾಕಿದರೆ ಅದು ಬಾಗುವುದಿಲ್ಲ, ಸುತ್ತಿದ ತಂತಿ ಭಾರವೂ ಹೌದು, ಬಾಗುವುದೂ ಹೌದು.

ಇನ್ನು ಸೋರೆ ಬುರುಡೆ? ಬೇಸ್ ಗಿಟಾರಿಗೆ ಅದಿಲ್ಲ, ಮೈಯೆಲ್ಲ ಗಟ್ಟಿ ಮರ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಮೇಲೆ ತೂಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ಸಂಗತಿ ಅದು, ಹೊಲದ ಮೋಟಾರಿಗೆ ವಿದ್ಯುತ್ ಕೊಡುವ ಜನರೇಟರಿನ ಹಿಂದೆ ಇರುವುದೂ ಅದೇ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಬೇಸ್‌ಗೆ ‘ಪ್ರಿಸಿಷನ್’ ಅಂತ ಹೆಸರಿಟ್ಟರು, ಕರಾರುವಾಕ್ಕು ಅಂತ ಅದರ ಅರ್ಥ. ಅದಕ್ಕೂ ಮೊದಲು ಆಳಿಗಿಂತ ಎತ್ತರದ, ಮೆಟ್ಟಿಲೇ ಇಲ್ಲದ ಪಿಟೀಲಿನಂಥ ವಾದ್ಯದಲ್ಲಿ ಅಂದಾಜಿನ ಮೇಲೆ ಬೆರಳಿಡಬೇಕಿತ್ತು.

ಕೊನೆಗೊಂದು ಗುಟ್ಟು. ಬೇಸ್ ನುಡಿಸುವವರು ಕಾರ್ಡಿನ ಆಕಾರ ಹಿಡಿದರೂ ಮೂರು ಸ್ವರಗಳನ್ನು ಒಟ್ಟಿಗೆ ಮೀಟುವುದು ಕಡಿಮೆ. ಒಂದೊಂದಾಗಿ ಮೀಟುತ್ತಾರೆ. ಯಾಕೆಂದರೆ ಅಷ್ಟು ತಗ್ಗಿನಲ್ಲಿ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ‘ಸ’ ಸೆಕೆಂಡಿಗೆ 55 ಸಲ, ‘ಗ’ ಸುಮಾರು 69 ಸಲ ಅಂದುಕೊಳ್ಳಿ. ಎರಡೂ ಸೇರಿದಾಗ ಸೆಕೆಂಡಿಗೆ 14 ಸಲ ಸದ್ದು ಉಬ್ಬಿ ತಗ್ಗುತ್ತದೆ, ಕಿವಿಗೆ ಅದು ಗೊರಗೊರ ಅನ್ನುತ್ತದೆ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಪುಟ್ಟ ಕೊಳವೆ ಇದೆ. ಒಳಗೊಂದು ಪೊರೆ. ಎತ್ತರದ ಸದ್ದು ಪೊರೆಯ ಒಂದು ತುದಿಯನ್ನು ಅಲುಗಿಸಿದರೆ ತಗ್ಗಿನ ಸದ್ದು ಇನ್ನೊಂದು ತುದಿಯನ್ನು ಅಲುಗಿಸುತ್ತದೆ. ಇದನ್ನು ತೋರಿಸಿದ ಗಿಯೊರ್ಗ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಹತ್ತಿರ ಹತ್ತಿರದ ಎರಡು ತಗ್ಗು ಸದ್ದುಗಳು ಬಂದರೆ ಹೆಚ್ಚುಕಡಿಮೆ ಒಂದೇ ಜಾಗ ಅಲುಗುತ್ತದೆ, ಕಿವಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಎರಡನ್ನೂ ಒಟ್ಟಿಗೇ ಬೇಕೆಂದರೆ ಬೇಸ್‌ನವರು ‘ಗ’ವನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಿಡುತ್ತಾರೆ. ದಪ್ಪ ತಂತಿಯಲ್ಲಿ ‘ಸ’, ತೆಳು ತಂತಿಯಲ್ಲಿ ಒಂದು ಮೆಟ್ಟಿಲು ಮುಂದೆ ‘ಗ’. ಮೂರು ತಂತಿ ದಾಟಿದರೆ ಹದಿನೈದು, ಇನ್ನೊಂದು ಸೇರಿ ಹದಿನಾರು. ಹನ್ನೆರಡು ಕಳೆದರೆ ನಾಲ್ಕು. ಲೆಕ್ಕ ಸರಿಹೋಯಿತಲ್ಲ? ಈಗ ಕೆಸರಿಲ್ಲ, ಎರಡೂ ತಿಳಿಯಾಗಿ ಕೇಳುತ್ತವೆ. ಮೈನರ್ ಬೇಕಾದರೆ ಎರಡು ಬೆರಳೂ ಒಂದೇ ಮೆಟ್ಟಿಲಿನಲ್ಲಿ. ಯಾಕೆ ಅಂತ ನೀವೇ ಎಣಿಸಿ.

ಅವತ್ತು ಸಂಜೆ ದೀಪ ಹಾಕುವ ಹೊತ್ತಿಗೆ ಆ ಹುಡುಗ ವಾದ್ಯವನ್ನು ಹುಡುಗಿಯ ತೊಡೆಯ ಮೇಲೆ ಇಟ್ಟ. ಭಾರಕ್ಕೆ ಅವಳು ವಾಲಿದಳು, ಅವನೇ ಕತ್ತು ಹಿಡಿದುಕೊಂಡ. ಏಳನೇ ಮೆಟ್ಟಿಲಲ್ಲಿ ನಡುಬೆರಳಿಟ್ಟು, ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಹಾಗೆ “ಒಂದ್ ಹಿಂದೆ, ಎಲ್ಡ್ ಮುಂದೆ” ಅಂದುಕೊಳ್ಳುತ್ತಾ ಮೀಟಿದಳು. ಸ, ಗ, ಪ. ಸ್ಪೀಕರ್ ಡಬ್ಬದ ಪಕ್ಕ ಕೂತಿದ್ದ ಅವಳ ತಮ್ಮ ಎದೆ ಮುಟ್ಟಿಕೊಂಡ.

ಮುಂದಿನ ಸಲ ಊರಿಗೆ ಆರ್ಕೆಸ್ಟ್ರಾ ಬಂದಾಗ ಹಾಡುವವರನ್ನು ಸ್ವಲ್ಪ ಹೊತ್ತು ಬಿಟ್ಟು, ಹಿಂದೆ ನಿಂತ ಬೇಸ್‌ನವನ ಎಡಗೈ ನೋಡಿ. ‘ಸ’ ಒತ್ತಿದ್ದು ನಡುಬೆರಳಾದರೆ, ತೋರುಬೆರಳು ಪಕ್ಕದ ತಂತಿಯಲ್ಲಿ ಒಂದು ಮನೆ ಹಿಂದಿದ್ದರೆ, ಅದು ಮೇಜರ್. ‘ಸ’ ಒತ್ತಿದ್ದು ತೋರುಬೆರಳಾಗಿ, ಕಿರುಬೆರಳು ಅದೇ ತಂತಿಯಲ್ಲಿ ಮೂರು ಮನೆ ಮುಂದಿದ್ದರೆ, ಮೈನರ್. ಎಷ್ಟು ಸಲ ಯಾವುದು ಬಂತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಹಲಗೆ, ತಂತಿ, ಡಬ್ಬದ ಕೆಲಸಕ್ಕೆ ಮಾತ್ರ ಆರ್ಕೆಸ್ಟ್ರಾ ಬರುವವರೆಗೂ ಕಾಯಬೇಡಿ, ಈ ಭಾನುವಾರವೇ ಮಾಡಿ.